ನಾಲಿಗೆ ಸೋತಾಗಷ್ಟೇ ನೀರು

ಬೆಕ್ಕು ಹಾಲು ಕುಡಿಯುವುದನ್ನು ನೋಡದವರಿಲ್ಲ. ಆದರೆ ಆಗ ನಾಲಿಗೆ ಏನು ಮಾಡುತ್ತಿರುತ್ತದೆ ಎಂಬುದು ಬರಿಗಣ್ಣಿಗೆ ಸಿಗುವುದಿಲ್ಲ, ಅಷ್ಟು ಚುರುಕು ಅದು. ಅಮೆರಿಕದ ಎಂಐಟಿಯಲ್ಲಿದ್ದ ವಿಜ್ಞಾನಿ ರೋಮನ್ ಸ್ಟಾಕರ್ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಕಟ್ಟಾ ಕಟ್ಟಾ ಎಂಬ ಹೆಸರಿನ ತಮ್ಮ ಬೆಕ್ಕು ನೆಕ್ಕುವುದನ್ನೇ ನೋಡುತ್ತಿದ್ದರು. ಕುತೂಹಲ ತಡೆಯಲಾರದೆ ಮೂವರು ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಅತಿವೇಗದ ಕ್ಯಾಮೆರಾ ಹಿಡಿದರು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಬರಹ ಬಂತು. ಬೆಕ್ಕಿನ ನಾಲಿಗೆ ನೀರಿನೊಳಕ್ಕೆ ಮುಳುಗುವುದೇ ಇಲ್ಲ. ಹಿಂದಕ್ಕೆ ಮಡಚಿದ ತುದಿ ನೀರಿನ ಮೇಲ್ಮೈಯನ್ನು ಸೋಕಿ ಸರಕ್ಕನೆ ಮೇಲೇಳುತ್ತದೆ, ಅದರ ಬೆನ್ನಿಗೇ ನೀರಿನ ಪುಟ್ಟ ಕಂಬವೊಂದು ಎದ್ದು ಬರುತ್ತದೆ, ಕಂಬ ಕುಸಿಯುವುದರೊಳಗೆ ಬೆಕ್ಕು ಬಾಯಿ ಮುಚ್ಚಿರುತ್ತದೆ. ಸೆಕೆಂಡಿಗೆ ಸುಮಾರು 4 ಸಲ ಇಷ್ಟೆಲ್ಲ ನಡೆಯುತ್ತದೆ. ಗದ್ದವೂ ಮೀಸೆಯೂ ಒಣಗಿಯೇ ಇರುತ್ತವೆ.

ಬಾಯಾರಿದಾಗಲೂ ಮೀಸೆ ನೆನೆಯಗೊಡದ ಪ್ರಾಣಿ ಇದು. ಇದನ್ನೇ ಭಾನುವಾರ ಬೆಳಿಗ್ಗೆ ಬಚ್ಚಲಿಗೆ ಎತ್ತಿಕೊಂಡು ಹೋಗಿ ನೆತ್ತಿಯ ಮೇಲೆ ಚೊಂಬು ಚೊಂಬು ನೀರು ಸುರಿದರೆ ಏನಾಗುತ್ತದೆಂದು ಬೆಕ್ಕು ಸಾಕಿದವರಿಗೆ ಗೊತ್ತು. “ಪುಟ್ಟಾ, ಬಾಗಿಲು ಹಾಕೋ!” ಎಂದು ಅಜ್ಜಿ ಕೂಗುವಷ್ಟರಲ್ಲಿ ಬೆಕ್ಕು ಭುಜ ಹತ್ತಿ, ಕಿಟಕಿ ದಾಟಿ, ಪಕ್ಕದ ಮನೆಯ ಹೆಂಚಿನ ಮೇಲಿರುತ್ತದೆ. ಹಿಡಿದವರ ಮುಂಗೈ ತುಂಬ ಕೆಂಪು ಗೀರು. ಆಮೇಲೆ ಎರಡು ದಿನ ಬೆಕ್ಕು ಹತ್ತಿರ ಸುಳಿಯುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಈ ಪಾಡು ಬೇಕಾಗಿಯೇ ಇರುವುದಿಲ್ಲ. ಆರೋಗ್ಯವಾಗಿರುವ, ಗಿಡ್ಡ ಕೂದಲಿನ ನಾಡಬೆಕ್ಕಿಗೆ ಹುಟ್ಟಿದಂದಿನಿಂದ ಸಾಯುವವರೆಗೆ ಒಂದು ಸ್ನಾನವೂ ಇಲ್ಲದೆ ನಡೆಯುತ್ತದೆ. ಅದರ ಬಚ್ಚಲುಮನೆ ಅದರ ಬಾಯಲ್ಲೇ ಇದೆ.

ಬೆಕ್ಕು ಕೈ ನೆಕ್ಕಿದಾಗ ಮರಳುಕಾಗದ ಎಳೆದಂತಾಗುತ್ತದಲ್ಲ, ಗುಟ್ಟು ಇರುವುದು ಆ ಒರಟಿನಲ್ಲಿ. ಅಟ್ಲಾಂಟಾದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಸಾಕುಬೆಕ್ಕಿನಿಂದ ಹಿಮಚಿರತೆ, ಹುಲಿ, ಸಿಂಹದವರೆಗೆ 6 ಜಾತಿಗಳ ನಾಲಿಗೆಗಳನ್ನು ಪರೀಕ್ಷಿಸಿ 2018ರಲ್ಲಿ ವಿವರ ಪ್ರಕಟಿಸಿದರು. ಸಾಕುಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನತ್ತ ಬಾಗಿದ ಸುಮಾರು 290 ಗಟ್ಟಿ ಮುಳ್ಳುಗಳಿವೆ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಇವೂ ಆಗಿವೆ. ಮೊದಲು ಇವು ಚೂಪಾದ ಕೋನುಗಳೆಂದೇ ತಿಳಿದಿದ್ದರು. ಹತ್ತಿರದಿಂದ ನೋಡಿದರೆ ಪ್ರತಿ ಮುಳ್ಳಿನ ತುದಿ ಪುಟಾಣಿ ಸೌಟಿನಂತೆ ಟೊಳ್ಳಾಗಿದೆ. ಆ ಟೊಳ್ಳು ಬಾಯಿಯ ಎಂಜಲನ್ನು ತಾನಾಗಿ ಹೀರಿಕೊಂಡು, ಮೇಲಿನ ಒರಟು ಕೂದಲನ್ನು ದಾಟಿ, ಬುಡದ ಮೆತ್ತನೆಯ ತುಪ್ಪಳಕ್ಕೆ ಮುಟ್ಟಿಸುತ್ತದೆ. ಬಾಚಣಿಗೆ, ನೀರು, ಸೋಪು ಮೂರೂ ಒಂದೇ ಸಾಧನದಲ್ಲಿ ಸೇರಿದಂತೆ. ಬೆಕ್ಕು ಎಚ್ಚರವಿರುವ ಹೊತ್ತಿನಲ್ಲಿ ಕಾಲು ಭಾಗದಷ್ಟನ್ನು ಹೀಗೆ ಮೈ ನೆಕ್ಕಿಕೊಳ್ಳುವುದಕ್ಕೇ ಕೊಡಬಲ್ಲದು. ಹಚ್ಚಿದ ಎಂಜಲು ಆರುವಾಗ ಮೈ ತಂಪಾಗುತ್ತದೆ ಎಂಬುದು ಸೆಕೆಯ ದಿನಗಳಲ್ಲಿ ಅದಕ್ಕೆ ಸಿಗುವ ಇನ್ನೊಂದು ಲಾಭ.

ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಎತ್ತಿ ಹೇಳಿತು. ನೆಕ್ಕುವಾಗ ನಾಲಿಗೆಯ ಒತ್ತಡಕ್ಕೆ ತುಪ್ಪಳ ತಗ್ಗುತ್ತದೆ, ಮುಳ್ಳುಗಳು ಚರ್ಮಕ್ಕೆ ಎಟುಕುತ್ತವೆ. ಪರ್ಷಿಯನ್ ಬೆಕ್ಕಿನಲ್ಲಿ ಮಾತ್ರ ಇದು ನಡೆಯುವುದಿಲ್ಲ. ಕೂದಲು ಅಷ್ಟು ಉದ್ದ, ಅಷ್ಟು ದಟ್ಟ. ಮನುಷ್ಯರು ಅಂದಕ್ಕೆಂದು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಆ ಕೂದಲನ್ನು ಬೆಕ್ಕು ತನ್ನ ನಾಲಿಗೆಯಿಂದ ನಿಭಾಯಿಸಲಾರದು. ಇಂದು ಬೆಂಗಳೂರಿನ ಎಷ್ಟೋ ಫ್ಲ್ಯಾಟುಗಳಲ್ಲಿ ಬೆಳೆಯುತ್ತಿರುವ ಪರ್ಷಿಯನ್ ಬೆಕ್ಕುಗಳನ್ನು ತಂದವರಿಗೆ ಈ ಮಾತು ಕೊಳ್ಳುವಾಗಲೇ ತಿಳಿದಿರಬೇಕಿತ್ತು. ದಿನವೂ ಬಾಚುವ ಜವಾಬ್ದಾರಿ ಬೆಕ್ಕಿನಿಂದ ಅವರ ಕೈಗೆ ದಾಟಿದೆ.

ಹಾಗಾದರೆ ಸ್ನಾನ ಯಾವಾಗ ಬೇಕು? ನಾಲಿಗೆ ಸೋತಾಗ. ಇಲ್ಲವೇ ನಾಲಿಗೆಯಿಂದಲೇ ಜೀವಕ್ಕೆ ಕುತ್ತು ಬರುವಂತಿದ್ದಾಗ.

ಸೋಲುವುದು ಹೆಚ್ಚಾಗಿ ಮುಪ್ಪಿನಲ್ಲಿ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಅಮೆರಿಕದ ಪಶುವೈದ್ಯರು ಪರಿಶೀಲಿಸಿದಾಗ 90ರಲ್ಲಿ ಕೀಲು ಸವೆದ ಗುರುತು ಕಂಡಿತು ಎಂದು 2002ರ ವರದಿ ಹೇಳುತ್ತದೆ. ಕೀಲು ನೋಯುವ ಬೆಕ್ಕು ಕುಂಟುವುದು ಕಡಿಮೆ, ಕೂಗುವುದು ಇನ್ನೂ ಕಡಿಮೆ. ಸುಮ್ಮನೆ ಬೆನ್ನು ನೆಕ್ಕಿಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಸೊಂಟದ ಬಳಿ ಕೂದಲು ಜಿಡ್ಡುಗಟ್ಟಿ ಗಂಟಾಗುತ್ತದೆ, ಹೊಟ್ಟು ಉದುರುತ್ತದೆ. ಬೊಜ್ಜು ಬಂದ ಬೆಕ್ಕಿಗೂ ಹಿಂಭಾಗ ಎಟುಕುವುದಿಲ್ಲ. ಹಲ್ಲುನೋವಿದ್ದರೆ ನೆಕ್ಕುವುದೇ ಯಾತನೆ. ಆದ್ದರಿಂದ ಇದ್ದಕ್ಕಿದ್ದಂತೆ ಕೊಳೆಯಾಗತೊಡಗಿದ ಬೆಕ್ಕನ್ನು ಬಚ್ಚಲಿಗೆ ಒಯ್ಯುವ ಮೊದಲು ಪಶುವೈದ್ಯರ ಬಳಿಗೆ ಒಯ್ಯಬೇಕು. ಕೊಳೆ ಅಲ್ಲಿ ರೋಗದ ಗುರುತಾಗಿರಬಹುದು. ಕೂದಲೇ ಇಲ್ಲದ ಸ್ಫಿಂಕ್ಸ್ ತಳಿಯ ಕಥೆ ಬೇರೆ: ಚರ್ಮದ ಎಣ್ಣೆಯನ್ನು ಹೀರಲು ಕೂದಲಿಲ್ಲದೆ ಮೈ ಅಂಟಂಟಾಗುವುದರಿಂದ ಅದಕ್ಕೆ ಆಗಾಗ ಸ್ನಾನ ಮಾಡಿಸಲೇಬೇಕು.

ನಾಲಿಗೆಯಿಂದಲೇ ಕುತ್ತು ಬರುವ ಎರಡನೆಯ ಸಂದರ್ಭ ಹೆಚ್ಚು ಗಂಭೀರ. ಬೆಕ್ಕಿನ ಮೈಮೇಲೆ ಬಿದ್ದದ್ದೆಲ್ಲ ಕೊನೆಗೆ ಅದರ ಹೊಟ್ಟೆಗೆ ಹೋಗುತ್ತದೆ. ಫಿನಾಯಿಲ್ ಹಾಕಿ ಒರೆಸಿದ ಒದ್ದೆ ನೆಲದ ಮೇಲೆ ನಡೆದು ಬಂದ ಬೆಕ್ಕು ಮೂಲೆಯಲ್ಲಿ ಕೂತು ಪಾದ ನೆಕ್ಕುತ್ತದೆ. ನೆಲದ ಕ್ರಿಮಿನಾಶಕಗಳಲ್ಲಿ ಸಾಮಾನ್ಯವಾಗಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ತಗುಲಿದರೆ ನಾಲಿಗೆಯ ಮೇಲೆ ಹುಣ್ಣೇಳುತ್ತದೆ, ಜೊಲ್ಲು ಸುರಿಯುತ್ತದೆ, ಬೆಕ್ಕು ಊಟ ಬಿಡುತ್ತದೆ. ಮದುವೆ, ಹುಟ್ಟುಹಬ್ಬಗಳಿಗೆ ಬರುವ ಹೂಗುಚ್ಛದ ಲಿಲ್ಲಿ ಇದಕ್ಕಿಂತ ಘೋರ. ಲಿಲ್ಲಿಯ ಎಲೆ, ದಳ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುತ್ತವೆ. ತುಪ್ಪಳಕ್ಕೆ ಅಂಟಿದ ಒಂದಿಷ್ಟು ಪರಾಗವನ್ನು ನೆಕ್ಕಿಕೊಂಡರೂ ಸಾವು ಬರಬಹುದು. ಬೆಕ್ಕಿನ ಮೂತಿಯ ಮೇಲೆ ಆ ಕಿತ್ತಳೆ ಪುಡಿ ಕಂಡರೆ ಒಂದು ನಿಮಿಷವೂ ಕಾಯದೆ ಒದ್ದೆ ಬಟ್ಟೆಯಿಂದ ಒರೆಸಿ ತೊಳೆದು, ಹಾಗೆಯೇ ಆಸ್ಪತ್ರೆಗೆ ಹೊರಡಬೇಕು. ಲಕ್ಷಣ ಕಾಣಿಸಲೆಂದು ಕಾಯುವಂತಿಲ್ಲ. ಬೆಕ್ಕಿರುವ ಮನೆಗೆ ಲಿಲ್ಲಿ ಬರದಿರುವುದೇ ಸರಿ.

ಅಂಟುವ ವಸ್ತುಗಳ ಪಾಡು ಬೇರೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಲಸು ಕೊಯ್ಯುವ ದಿನ ಮೇಣ ಎಲ್ಲೆಲ್ಲೂ. ಸುತ್ತ ಸುಳಿಯುವ ಬೆಕ್ಕಿನ ಮೈಗೂ ಅಂಟದೆ ಇರದು. ಊರಿನಲ್ಲಿ ಕಾರಿನ ಕೆಳಗಿನ ಎಂಜಿನ್ ಆಯಿಲ್, ಬಾಗಿಲಿಗೆ ಬಳಿದ ಹಸಿ ಪೇಂಟ್, ಇಲಿ ಹಿಡಿಯಲೆಂದು ಇಟ್ಟ ಅಂಟುಹಾಳೆ. ಇಂಥವಕ್ಕೆ ನೀರು ಹಾಕಿದರೆ ಏನೂ ಆಗದು. ಕೈಗೆ ಹತ್ತಿದ ಹಲಸಿನ ಮೇಣಕ್ಕೆ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಇಲ್ಲೂ ಮಾಡಬೇಕು: ಕೊಬ್ಬರಿ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಸವರಿ, ಬೆರಳಿನಿಂದ ನಿಧಾನವಾಗಿ ತಿಕ್ಕಿ ಸಡಿಲಿಸಿ, ಬಟ್ಟೆಯಲ್ಲಿ ಒರೆಸಿ ತೆಗೆದು, ಉಳಿದ ಜಿಡ್ಡನ್ನು ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿಯಿಂದ ತೊಳೆಯಬೇಕು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಯಾವುದನ್ನೂ ಮುಟ್ಟಬಾರದು. ಅವು ಚರ್ಮ ಸುಡುತ್ತವೆ, ಅವುಗಳ ಆವಿ ಶ್ವಾಸಕೋಶವನ್ನು ಕೆಡಿಸುತ್ತದೆ, ನೆಕ್ಕಿದರೆ ವಿಷ.

ಇನ್ನು ಬೆಕ್ಕಿನ ಅಂಜಿಕೆ. ಅದು ಸುಮ್ಮಸುಮ್ಮನೆ ಬಂದದ್ದಲ್ಲ.

ಮನೆಬೆಕ್ಕಿನ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣನಾಡಿನ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ಈಜಿ ಬದುಕುವ ಅಗತ್ಯ ಅದಕ್ಕೆ ಹೆಚ್ಚಾಗಿ ಬೀಳಲಿಲ್ಲ. ಅದೇ ಕುಟುಂಬದ ಮೀನುಬೆಕ್ಕನ್ನು ನೋಡಿ. ಸುಂದರಬನ, ಚಿಲಿಕಾ, ಗೋದಾವರಿ ಮುಖಜದ ಕೆಸರಿನಲ್ಲಿ ಓಡಾಡುವ, ಪಶ್ಚಿಮ ಬಂಗಾಳದ ರಾಜ್ಯಪ್ರಾಣಿಯೂ ಆದ ಅದು ಮೀನಿಗಾಗಿ ನೀರಿಗೆ ಧುಮುಕುತ್ತದೆ. ಅದರ ಒಳತುಪ್ಪಳ ಎಷ್ಟು ದಟ್ಟವೆಂದರೆ ಮುಳುಗೆದ್ದರೂ ಚರ್ಮಕ್ಕೆ ನೀರು ತಾಗುವುದಿಲ್ಲ. ಮನೆಬೆಕ್ಕಿಗೆ ಅಂಥ ಅಂಗಿಯಿಲ್ಲ. ಅದರ ತುಪ್ಪಳ ಬಟ್ಟೆಯಂತೆ ನೀರು ಹೀರಿ ಭಾರವಾಗುತ್ತದೆ, ಬೇಗ ಆರುವುದಿಲ್ಲ, ಬೆಚ್ಚಗಿಡುವ ಗುಣವನ್ನೂ ಕಳೆದುಕೊಳ್ಳುತ್ತದೆ. ಬೆಕ್ಕಿನ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮ್ಮದಕ್ಕಿಂತ ಹೆಚ್ಚು. ನಮಗೆ ಹಿತವಾದ ತಣ್ಣೀರು ಅದಕ್ಕೆ ನಡುಕ.

ಅದರ ಮೇಲೆ ಸದ್ದು. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿಕೊಂಡರೆ ಬೆಕ್ಕಿನ ಕಿವಿ 64ರವರೆಗೆ ಹೋಗುತ್ತದೆ. ಇಲಿಮರಿಯ ಕಿಚಕಿಚವನ್ನು ಕತ್ತಲಲ್ಲಿ ಹಿಡಿಯಲೆಂದು ರೂಪುಗೊಂಡ ಆ ಕಿವಿಗೆ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುವ ನಲ್ಲಿಯ ಭೋರ್ಗರೆತ, ಟೈಲ್ಸ್ ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ, ಶವರಿನ ಹಿಸ್ಸೆನ್ನುವ ಸದ್ದು ಹೇಗೆ ಕೇಳಿಸೀತು! ಕಾಲಡಿಯ ನೆಲ ಜಾರುತ್ತದೆ, ಉಗುರೂರಲು ಆಸರೆಯಿಲ್ಲ, ಬಾಗಿಲು ಮುಚ್ಚಿದೆ, ಯಾರೋ ಮೇಲಿನಿಂದ ಒತ್ತಿ ಹಿಡಿದಿದ್ದಾರೆ. ನೀರಿಗಿಂತ ಹೆಚ್ಚಾಗಿ ಈ ತಪ್ಪಿಸಿಕೊಳ್ಳಲಾಗದ ಸ್ಥಿತಿಯೇ ಬೆಕ್ಕನ್ನು ಹುಚ್ಚೆಬ್ಬಿಸುತ್ತದೆ. ಇದೇ ಬೆಕ್ಕು ನಲ್ಲಿಯಿಂದ ತೊಟ್ಟಿಕ್ಕುವ ಹನಿಯೊಡನೆ ತಾನಾಗಿ ಅರ್ಧ ಗಂಟೆ ಆಡುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ.

ಮತ್ತೆ ನೆನಪು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಕೃಷ್ಣದೇವರಾಯ ಬೆಕ್ಕು ಸಾಕಲು ಕೊಟ್ಟ, ಹಾಲಿಗೆಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನ ಕುದಿಯುವ ಹಾಲು ಇಟ್ಟ, ಮೂತಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಡಿಹೋಗುತ್ತಿತ್ತು. ಜಾಣತನದ ಕಥೆಯಾಗಿ ಅದನ್ನು ಹೇಳುತ್ತೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಅದರ ಸ್ವಭಾವದ ಬಗ್ಗೆ ಅಷ್ಟು ನಿಖರವಾದ ಮಾತು ಇನ್ನೊಂದಿಲ್ಲ. ಒಂದೇ ಒಂದು ಕೆಟ್ಟ ಅನುಭವ ಸಾಕು, ಬಟ್ಟಲಿನ ಸದ್ದೂ ಹೆದರಿಸುತ್ತದೆ. ಮೊದಲ ಸ್ನಾನದಲ್ಲಿ ಕಿವಿಗೆ ನೀರು ಹೊಕ್ಕ ಬೆಕ್ಕು ಮುಂದೆ ಬಕೆಟ್ ಎಳೆಯುವ ಸದ್ದಿಗೇ ಮಂಚದಡಿ ಸೇರುತ್ತದೆ. ಇದರ ಇನ್ನೊಂದು ಮಗ್ಗುಲೂ ನಿಜ. 2ರಿಂದ 7 ವಾರದ ಮರಿ ಜಗತ್ತನ್ನು ಪರಿಚಯ ಮಾಡಿಕೊಳ್ಳುವ ವಯಸ್ಸಿನಲ್ಲಿರುತ್ತದೆ. ಆಗ ಮನುಷ್ಯರ ಕೈ, ಒದ್ದೆ ಬಟ್ಟೆ, ಬಾಚಣಿಗೆ ಎಲ್ಲವನ್ನೂ ಮೃದುವಾಗಿ ತೋರಿಸಿದರೆ ದೊಡ್ಡದಾದ ಮೇಲೆ ಹೆದರಿಕೆ ಕಡಿಮೆ. ಹಾಗೆಂದು ಎಳೆಮರಿಯನ್ನು ನೀರಿಗಿಳಿಸಬಾರದು. ಕೆಲವೇ ವಾರದ ಮರಿಗೆ ತನ್ನ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಬೆಚ್ಚನೆ ಹಿಂಡಿದ ಬಟ್ಟೆಯಿಂದ ತಾಯಿ ನೆಕ್ಕಿದ ಹಾಗೆ ಒರೆಸಿದರೆ ಸಾಕು.

ದೊಡ್ಡ ಬೆಕ್ಕಿಗೂ ಎಷ್ಟೋ ಸಲ ಅಷ್ಟೇ ಸಾಕು. ಬಾಲಕ್ಕೋ ಪಾದಕ್ಕೋ ಹತ್ತಿದ ಕೊಳೆಗೆ ಪೂರಾ ಸ್ನಾನ ಏಕೆ? ಆ ಜಾಗವನ್ನಷ್ಟೇ ತೊಳೆದು ಬಿಡಬಹುದು. ಜಿಡ್ಡಿಗೆ ಕಾರ್ನ್‌ಫ್ಲೋರ್ ಉದುರಿಸಿ ಹತ್ತು ನಿಮಿಷ ಬಿಟ್ಟು ಬಾಚಿ ತೆಗೆಯುವುದೂ ಉಂಟು.

ಪೂರಾ ಸ್ನಾನವೇ ಆಗಬೇಕೆಂದರೆ ಕೆಲಸ ನೀರಿಗಿಂತ ನಾಲ್ಕಾರು ದಿನ ಮೊದಲೇ ಶುರುವಾಗಬೇಕು. ಖಾಲಿ ಟಬ್ಬನ್ನು ನಡುಮನೆಯಲ್ಲಿ ಇಟ್ಟು, ಒಳಗೊಂದು ಹಳೆಯ ಟವೆಲ್ ಹಾಸಿ, ಬೆಕ್ಕಿಗೆ ಪ್ರಿಯವಾದ ತಿನಿಸನ್ನು ಅಲ್ಲೇ ಹಾಕುತ್ತ ಬಂದರೆ ಅದು ತಾನಾಗಿ ಹತ್ತಿ ಇಳಿಯುತ್ತದೆ. ಮೂರನೆಯ ದಿನಕ್ಕೆ ಟವೆಲ್ಲನ್ನು ಬೆಚ್ಚಗೆ ಒದ್ದೆ ಮಾಡಬಹುದು. ಹಿಂದಿನ ದಿನ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಬೇಕು. ಒಳಗೆ ಕಾಣುವ ಗುಲಾಬಿ ಭಾಗ ರಕ್ತನಾಳ, ಅಲ್ಲಿಗೆ ಕತ್ತರಿ ತಾಗಬಾರದು. ಬಾಚುವ ಕೆಲಸವೂ ಒಣ ಮೈಯಲ್ಲೇ ಮುಗಿಯಬೇಕು, ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ. ಬಿಡಿಸಲಾಗದ ಗಂಟನ್ನು ಕತ್ತರಿ ಹಾಕಿ ಕತ್ತರಿಸಲು ಹೋಗಿ ಚರ್ಮವನ್ನೇ ಕತ್ತರಿಸಿದ ಪ್ರಸಂಗಗಳನ್ನು ಪಶುವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಬೆಕ್ಕಿನ ಚರ್ಮ ತೆಳು, ಸಡಿಲ, ಗಂಟಿನೊಂದಿಗೇ ಎದ್ದು ಬರುತ್ತದೆ. ಅಂಥದ್ದನ್ನು ಮಷಿನ್ನಿನಲ್ಲಿ ಬೋಳಿಸುವುದು ಕ್ಷೇಮ.

ಸ್ನಾನದ ದಿನ ಎಲ್ಲವನ್ನೂ ಬೆಕ್ಕು ಬರುವ ಮೊದಲೇ ಅಣಿ ಮಾಡಿಕೊಳ್ಳಬೇಕು. ಎರಡು ಟಬ್ಬು, ಒಂದರಲ್ಲಿ ತೊಳೆಯಲು, ಇನ್ನೊಂದರಲ್ಲಿ ಜಾಲಿಸಲು. ಎರಡರಲ್ಲೂ ಮೂರು ನಾಲ್ಕು ಬೆರಳಗಲದಷ್ಟೇ ನೀರು, ತಳದಲ್ಲಿ ಕಾಲೂರಲು ಟವೆಲ್. ಮನೆಯಲ್ಲಿ ಮಗುವಿಗೆ ಎರೆಯುವ ಅಜ್ಜಿ ಮೊಣಕೈ ಅದ್ದಿ ನೀರಿನ ಹದ ನೋಡುತ್ತಾಳಲ್ಲ, ಅದೇ ಹದ ಇಲ್ಲಿಯೂ ಸರಿ. ಆದರೆ ಎರೆಯುವ ಕ್ರಮ ಮಾತ್ರ ತದ್ವಿರುದ್ಧ. ಮಗುವಿಗೆ ಮೇಲಿನಿಂದ ಧಾರೆಯಾಗಿ ಬೀಳುವ ಬಿಸಿನೀರು ಹಿತ, ಬೆಕ್ಕಿಗೆ ಅದೇ ದಿಗಿಲು. ನಲ್ಲಿ ಮುಚ್ಚಿರಲಿ, ಗೀಸರಿನ ಸದ್ದೂ ನಿಂತಿರಲಿ. ಬಾಗಿಲು, ಕಿಟಕಿ ಹಾಕಿ, ಕೂಗಾಡದ ಒಬ್ಬರೋ ಇಬ್ಬರೋ ಒಳಗಿದ್ದರೆ ಸಾಕು. ಮಕ್ಕಳೆಲ್ಲ ಮುತ್ತಿಕೊಂಡು ನೋಡುವ ಆಟವಲ್ಲ ಅದು.

ಇಳಿಸುವ ಬಗೆಯನ್ನು ಹುಲಿಯಿಂದ ಕಲಿಯಬಹುದು. ಬೇಸಿಗೆಯಲ್ಲಿ ಬಂಡೀಪುರ, ನಾಗರಹೊಳೆಯ ಕೆರೆಗಳಲ್ಲಿ ಹುಲಿ ತಣ್ಣಗೆ ಕೂತ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅದು ನೀರಿಗಿಳಿಯುವುದು ಬಹಳ ಸಲ ಹಿಮ್ಮುಖವಾಗಿ. ಮೊದಲು ಹಿಂಗಾಲು, ಆಮೇಲೆ ಸೊಂಟ, ಮುಖ ದಡದತ್ತಲೇ. ನೀರನ್ನು ಇಷ್ಟಪಡುವ ಹುಲಿಯೇ ಮುಖಕ್ಕೆ ನೀರು ಹಾರಗೊಡುವುದಿಲ್ಲ ಎಂದ ಮೇಲೆ ಮನೆಬೆಕ್ಕಿನ ಮುಖಕ್ಕೆ ಚೊಂಬು ಹಿಡಿಯುವುದು ಎಂಥ ತಪ್ಪು! ಬೆಕ್ಕಿನ ಎದೆಯಡಿಗೆ ಒಂದು ಕೈ, ಹಿಂಗಾಲಡಿಗೆ ಒಂದು ಕೈ ಕೊಟ್ಟು, ಮುಖ ಆಚೆಗೆ ಮಾಡಿ, ಹಿಂಗಾಲನ್ನು ಮೊದಲು ನೀರಿಗೆ ಮುಟ್ಟಿಸಬೇಕು. ಮುಂಗಾಲು ಟಬ್ಬಿನ ಅಂಚನ್ನು ಹಿಡಿದುಕೊಂಡಿರಲಿ, ಅದರಿಂದ ಅದಕ್ಕೆ ಧೈರ್ಯ. ಕತ್ತಿನ ಹಿಂದಿನ ಚರ್ಮ ಹಿಡಿದೆತ್ತುವುದು ನಮ್ಮಲ್ಲಿ ರೂಢಿ. ತಾಯಿಬೆಕ್ಕು ಮರಿಯನ್ನು ಹಾಗೆ ಒಯ್ಯುತ್ತದೆ ನಿಜ. ದೊಡ್ಡ ಬೆಕ್ಕಿಗೆ ಅದು ನೋವು, ಭಯ ಎರಡೂ. ಬೆಕ್ಕಿನ ವೈದ್ಯರ ಸಂಘಟನೆಗಳಾದ ಎಎಎಫ್‌ಪಿ, ಐಎಸ್‌ಎಫ್‌ಎಂ 2022ರ ತಮ್ಮ ಮಾರ್ಗಸೂಚಿಯಲ್ಲಿ ಆ ಹಿಡಿತವನ್ನು ಬಿಡಬೇಕೆಂದೇ ಹೇಳಿವೆ. ಭುಜದ ಮೇಲೆ ಹಗುರವಾಗಿ ಕೈ ಇಟ್ಟು, ಒದ್ದಾಡಿದರೆ ತೆಳ್ಳನೆಯ ಟವೆಲ್ ಹೊದಿಸಿ ಅದರ ಮೇಲಿಂದಲೇ ನೀರು ಸವರಿದರೆ ಹೆಚ್ಚಿನವು ಸುಮ್ಮನಾಗುತ್ತವೆ.

ಮಗ್ಗಿನಿಂದ ಸುರಿಯುವ ಬದಲು ಸ್ಪಂಜನ್ನೋ ಬಟ್ಟೆಯನ್ನೋ ಅದ್ದಿ, ಬೆನ್ನಿನಿಂದ ಬಾಲದ ಕಡೆಗೆ ನೆನೆಸುತ್ತ ಹೋಗಬೇಕು. ಶಾಂಪುವನ್ನು ಮೊದಲೇ ಒಂದಿಷ್ಟು ನೀರಿಗೆ ಬೆರೆಸಿಟ್ಟುಕೊಂಡರೆ ಹಚ್ಚುವುದೂ ಸುಲಭ, ಜಾಲಿಸುವುದೂ ಸುಲಭ. ಚಿಗಟದ ಕಾಟಕ್ಕೆಂದು ಮಾಡಿಸುವ ಸ್ನಾನವಾದರೆ ಮಾತ್ರ ಕ್ರಮ ಬೇರೆ: ಮೊದಲು ಕತ್ತಿನ ಸುತ್ತ ನೊರೆಯ ಉಂಗುರ ಮಾಡಬೇಕು. ಮೈ ನೆನೆದೊಡನೆ ಚಿಗಟಗಳು ಕಿವಿ, ಕಣ್ಣಿನತ್ತ ಓಡುತ್ತವೆ, ನೊರೆ ಅವಕ್ಕೆ ಅಡ್ಡಗಟ್ಟುತ್ತದೆ. ಸ್ನಾನದಿಂದ ಚಿಗಟ ಮುಗಿಯಿತೆಂದು ತಿಳಿಯುವಂತಿಲ್ಲ. ಮೊಟ್ಟೆ, ಮರಿಹುಳು ಎಲ್ಲ ಇರುವುದು ಚಾಪೆ, ಸೋಫಾ, ನೆಲದ ಸಂದಿಗಳಲ್ಲಿ. ಮುಖವನ್ನು ಹಿಂಡಿದ ಬಟ್ಟೆಯಿಂದ ಒರೆಸಿದರಾಯಿತು. ಕಿವಿಗೆ ನೀರು ಬೇಡವೇ ಬೇಡ. ಒಟ್ಟು ಹತ್ತು ನಿಮಿಷದೊಳಗೆ ಮುಗಿಯಬೇಕು. ಕಾಕಸ್ನಾನ ಎಂದು ಮನುಷ್ಯರನ್ನು ಹಳಿಯುವುದುಂಟು, ಬೆಕ್ಕಿಗೆ ಅದೇ ಉತ್ತಮ. ಜಾಲಿಸುವುದರಲ್ಲಿ ಮಾತ್ರ ಅವಸರ ಸಲ್ಲದು, ಉಳಿದ ನೊರೆಯೆಲ್ಲ ನಾಲಿಗೆಗೇ ಹೋಗುತ್ತದೆ.

ಕಿವಿ ಹಿಂದಕ್ಕೆ ಮಲಗಿದರೆ, ಬಾಲ ಪಟಪಟ ಬಡಿದರೆ, ಕಣ್ಣಿನ ಪಾಪೆ ಅಗಲವಾದರೆ ಬೆಕ್ಕು ಸಹನೆಯ ಅಂಚಿಗೆ ಬಂದಿದೆ. ನೊರೆ ಹಚ್ಚದಿದ್ದರೆ ಅಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು. ನಾಯಿಯಂತೆ ಬಾಯ್ತೆರೆದು ಏದುಸಿರು ಬಿಟ್ಟರೆ ತಕ್ಷಣ ನಿಲ್ಲಿಸಲೇಬೇಕು, ಬೆಕ್ಕಿನಲ್ಲಿ ಅದು ಅಪಾಯದ ಲಕ್ಷಣ. ಗಬ್ಬದ ಬೆಕ್ಕು, ಜ್ವರ ಬಂದದ್ದು, ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊಲಿಗೆ ಮಾಯದೆ ಇರುವುದು, ಇವಕ್ಕೆ ಸ್ನಾನ ಮುಂದೂಡಬೇಕು.

ಯಾವ ಸೋಪು ಎಂಬ ಪ್ರಶ್ನೆಗೆ ಒಂದೇ ಉತ್ತರ: ಬೆಕ್ಕಿಗೆಂದೇ ತಯಾರಿಸಿದ ಶಾಂಪು. ಮನುಷ್ಯರ ಚರ್ಮ ಬೆಕ್ಕಿನದಕ್ಕಿಂತ ಹೆಚ್ಚು ಆಮ್ಲೀಯ, ನಮ್ಮ ಶಾಂಪು ಬೆಕ್ಕಿಗೆ ಹೊಂದುವುದಿಲ್ಲ. ಸೀಗೆಕಾಯಿ ಕಣ್ಣಿಗೆ ಬಿದ್ದರೆ ಉರಿ ಎಂಥದೆಂದು ಹೇಳಬೇಕಾಗಿಲ್ಲ. ನಿಜವಾದ ಆತಂಕ ಬೇರೆ ಕಡೆ ಇದೆ. ನಾವು, ನಾಯಿಗಳು ಯಕೃತ್ತಿನಲ್ಲಿ ಸುಲಭವಾಗಿ ಒಡೆದು ಹೊರಹಾಕುವ ಹಲವು ರಾಸಾಯನಿಕಗಳನ್ನು ಬೆಕ್ಕು ಹೊರಹಾಕಲಾರದು. ಅದಕ್ಕೆ ಬೇಕಾದ ಒಂದು ಕಿಣ್ವದ ಜೀನು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ. ಅದಕ್ಕೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದಕ್ಕೇ ಡೆಟಾಲ್‌ನಂಥ ದ್ರಾವಣಗಳಲ್ಲಿರುವ ಕ್ಲೋರೋಕ್ಸಿಲೆನಾಲ್, ಫಿನಾಯಿಲ್, ಟೀ ಟ್ರೀ ಎಣ್ಣೆ ಅದಕ್ಕೆ ವಿಷ. ಕ್ರಿಮಿ ಸಾಯಲಿ ಎಂದು ಸ್ನಾನದ ನೀರಿಗೆ ಒಂದು ಮುಚ್ಚಳ ಡೆಟಾಲ್ ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ಬೆಕ್ಕಿನ ನೀರಿಗೆ ಅದು ಬೀಳಲೇಬಾರದು. ನಾಯಿಯ ಚಿಗಟಕ್ಕೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಮನೆಯಲ್ಲಿ ನಾಯಿಯೂ ಬೆಕ್ಕೂ ಇದ್ದು, ಉಳಿದದ್ದನ್ನು ಬೆಕ್ಕಿಗೂ ಹಚ್ಚಿದರೆ ನಡುಕ, ಸೆಳವು ಬಂದು ಬೆಕ್ಕು ಸಾಯಬಹುದು. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವಷ್ಟು ತಾಳ್ಮೆ ಇಲ್ಲಿ ಒಂದು ಜೀವ ಉಳಿಸುತ್ತದೆ. ಚರ್ಮದ ಮೇಲೆ ದುಂಡು ದುಂಡಾಗಿ ಕೂದಲುದುರಿದ್ದರೆ ಅದು ಬೆಕ್ಕಿನಿಂದ ಮನುಷ್ಯರಿಗೂ ಹರಡುವ ಹುಳುಕಡ್ಡಿಯಾಗಿರಬಹುದು. ಅದಕ್ಕೆ ವೈದ್ಯರೇ ಔಷಧದ ಶಾಂಪು ಹೇಳುತ್ತಾರೆ, ಬಳಸುವವರು ಕೈಗವಸು ತೊಡಬೇಕು.

ಅಲರ್ಜಿಗೆಂದು ಬೆಕ್ಕಿಗೆ ಸ್ನಾನ ಮಾಡಿಸುವವರೂ ಇದ್ದಾರೆ. ಸೀನು ತರಿಸುವ ಫೆಲ್ ಡಿ 1 ಎಂಬ ಪ್ರೋಟೀನು ಇರುವುದು ಬೆಕ್ಕಿನ ಎಂಜಲಿನಲ್ಲಿ, ಚರ್ಮದ ಎಣ್ಣೆಯಲ್ಲಿ. ತೊಳೆದಾಗ ಕಡಿಮೆಯಾಗುವುದು ನಿಜ, ಆದರೆ ಒಂದು ವಾರದೊಳಗೆ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಅಷ್ಟಕ್ಕಾಗಿ ವಾರವಾರ ಬೆಕ್ಕನ್ನು ಹೆದರಿಸುವುದು ಯಾರಿಗೂ ಒಳಿತಲ್ಲ.

ಪರಚಿಸಿಕೊಂಡರೆ, ಕಚ್ಚಿಸಿಕೊಂಡರೆ ಅರಿಸಿನ ಒತ್ತಿ ಸುಮ್ಮನಾಗಬಾರದು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಬ್ಯಾಕ್ಟೀರಿಯಾವನ್ನು ಒಳಗೇ ಬಿಟ್ಟುಬರುತ್ತದೆ. ಮೇಲೆ ಚುಕ್ಕೆಯಷ್ಟೇ ಕಂಡರೂ ಮರುದಿನಕ್ಕೆ ಕೈ ಊದಿರುತ್ತದೆ. ಭಾರತದಲ್ಲಿ ಇದರ ಜೊತೆಗೆ ರೇಬೀಸ್ ಭಯವೂ ಇದೆ, ಅದು ನಾಯಿಯಿಂದ ಮಾತ್ರ ಬರುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ಬೆಕ್ಕಿಗೆ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿದ ಮನೆಯವರೂ ಈ ತೊಳೆಯುವಿಕೆಯನ್ನು ಬಿಡಬಾರದು.

ಟಬ್ಬಿನಿಂದ ಎತ್ತಿದೊಡನೆ ಒಣ ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಳ್ಳಬೇಕು. ತಿಕ್ಕಬಾರದು, ಒತ್ತಿ ಒತ್ತಿ ನೀರು ಹೀರಿಸಬೇಕು, ಒಂದು ನೆನೆದರೆ ಇನ್ನೊಂದು ಟವೆಲ್. ಹೇರ್ ಡ್ರೈಯರ್ ಸದ್ದಿಗೆ ಬೆಕ್ಕು ಮತ್ತೆ ಬೆದರುತ್ತದೆ, ಬಿಸಿಗಾಳಿ ಚರ್ಮ ಸುಡಲೂಬಹುದು. ಬಯಲುಸೀಮೆಯ ಹತ್ತು ಗಂಟೆಯ ಬಿಸಿಲಿಗೆ ಕಿಟಕಿಯ ಬಳಿ ಕೂರಿಸಿದರೆ ಮಧ್ಯಾಹ್ನದೊಳಗೆ ಆರುತ್ತದೆ. ಆಗುಂಬೆಯ ಕಡೆಯ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗದ ಮನೆಗಳಿವೆ, ಅಲ್ಲಿ ಬೆಕ್ಕಿನ ಸ್ನಾನಕ್ಕೆ ಮಳೆ ಮುಗಿಯುವವರೆಗೆ ಕಾಯುವುದೋ ಒಲೆಯ ಬೆಚ್ಚನೆಯ ಮಗ್ಗುಲಲ್ಲಿ ಪೂರ್ತಿ ಒಣಗಿಸುವುದೋ ಆಗಬೇಕು.

ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ನಿನ್ನೆಯವರೆಗೆ ಒಂದನ್ನೊಂದು ನೆಕ್ಕಿಕೊಂಡು ಮಲಗುತ್ತಿದ್ದ ಜೋಡಿಯಲ್ಲಿ, ಸ್ನಾನ ಮಾಡಿ ಬಂದ ಬೆಕ್ಕನ್ನು ಕಂಡು ಇನ್ನೊಂದು ಬೆನ್ನು ಗೂನಾಗಿಸಿ ಬುಸುಗುಡುತ್ತದೆ. ಬೆಕ್ಕುಗಳು ಗುರುತು ಹಿಡಿಯುವುದು ಮುಖ್ಯವಾಗಿ ವಾಸನೆಯಿಂದ. ಶಾಂಪು ಆ ವಾಸನೆಯನ್ನೇ ತೊಳೆದುಹಾಕಿದೆ, ಬಂದದ್ದು ಯಾರೋ ಅಪರಿಚಿತ. ಸ್ನಾನವಾದ ಬೆಕ್ಕನ್ನು ಒಂದು ಕೋಣೆಯಲ್ಲಿ ಅದರದೇ ಹಳೆಯ ಹಾಸಿಗೆಯೊಡನೆ ಬಿಟ್ಟು, ಎರಡನ್ನೂ ಅರ್ಧ ದಿನ ಬೇರೆ ಇಟ್ಟರೆ ಜಗಳ ತಪ್ಪುತ್ತದೆ.

ಒಳಗೆ ಬಿಟ್ಟೊಡನೆ ಅದು ತಟ್ಟೆಯಲ್ಲಿಟ್ಟ ಮೀನನ್ನೂ ಮೂಸದೆ ಮೊದಲು ಮೂಲೆ ಹಿಡಿಯುತ್ತದೆ. ಭುಜದಿಂದ ಶುರು. ಆಮೇಲೆ ಪಕ್ಕೆ, ಹೊಟ್ಟೆ, ಒಂದು ಹಿಂಗಾಲನ್ನು ಆಕಾಶಕ್ಕೆತ್ತಿ ತೊಡೆ, ಕೊನೆಗೆ ಬಾಲವನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು ತುದಿಯವರೆಗೆ. ನಾವು ಹತ್ತು ನಿಮಿಷದಲ್ಲಿ ಮುಗಿಸಿದ ಕೆಲಸವನ್ನು ಅದು ಆ 290 ಮುಳ್ಳುಗಳಿಂದ ಗಂಟೆಗಟ್ಟಲೆ ಮೊದಲಿಂದ ಮಾಡುತ್ತದೆ, ತೊಳೆದುಹೋದ ತನ್ನ ವಾಸನೆ ಮತ್ತೆ ಮೈತುಂಬ ಹರಡುವವರೆಗೆ. ಅಷ್ಟು ಹೊತ್ತು ಅದನ್ನು ಯಾರೂ ಎತ್ತಿಕೊಳ್ಳದಿದ್ದರೆ ಸಂಜೆಗೆ ತಾನಾಗಿ ಬಂದು ಕಾಲಿಗೆ ಮೈ ಉಜ್ಜುತ್ತದೆ.